ಹಾಲುಹಲ್ಲಿನ ಹುಳುಕು: ಎಳೆಯ ಮಕ್ಕಳಲ್ಲಿ ದಂತಕ್ಷಯದ ಅರಿವು ಮತ್ತು ತಡೆ

ಹಸುಗೂಸಿನ ಬಾಯಲ್ಲಿ ಮೊದಲ ಹಲ್ಲು ಕಂಡ ದಿನ ಮನೆಮಂದಿಯೆಲ್ಲ ಸಂಭ್ರಮಿಸುತ್ತೇವೆ. ಅಜ್ಜಿ ಬೆರಳಿಟ್ಟು ಮುಟ್ಟಿ ನೋಡುತ್ತಾಳೆ; ನೆರೆಹೊರೆಯವರಿಗೂ ಸುದ್ದಿ ಮುಟ್ಟುತ್ತದೆ. ಆದರೆ ಆ ಹಲ್ಲನ್ನು ಅಂದಿನಿಂದಲೇ ಶುಚಿಯಾಗಿಡಬೇಕೆಂಬ ವಿಚಾರ ಬಹಳ ಮನೆಗಳಲ್ಲಿ ಮೂಡುವುದಿಲ್ಲ. ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ ಮೇಲಿನ ಮುಂದಿನ ಹಲ್ಲುಗಳು ಕಂದಿ, ಸವೆದು, ಕರಿಯ ಮೊಳೆಗಳಂತೆ ಉಳಿದಿರುವ ಮಕ್ಕಳನ್ನು ನಾವು ಊರೂರುಗಳಲ್ಲಿ ಕಾಣುತ್ತೇವೆ. "ಹಾಲುಹಲ್ಲಲ್ಲವೇ, ಬಿದ್ದು ಹೊಸವು ಬರುತ್ತವೆ" ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಆ ಸಮಾಧಾನ ನಮಗೆ. ನೋವು ಮಾತ್ರ ಮಗುವಿಗೆ.

ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಪ್ರಕಟಿಸಿದ ಬಾಯಿಯ ಆರೋಗ್ಯದ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 51 ಕೋಟಿ ಮಕ್ಕಳ ಹಾಲುಹಲ್ಲುಗಳು ಹುಳುಕಿನಿಂದ ಬಾಧಿತವಾಗಿವೆ. ಇಷ್ಟು ವ್ಯಾಪಕವಾದ ಈ ರೋಗವು ಬಹುಮಟ್ಟಿಗೆ ತಡೆಯಬಹುದಾದುದು ಎಂಬುದೇ ನಾವು ಮೊದಲು ಮನಗಾಣಬೇಕಾದ ಸಂಗತಿ. ತಡೆಯುವ ಸಾಧನಗಳು ದುಬಾರಿಯೂ ಅಲ್ಲ, ದೂರದಲ್ಲಿಯೂ ಇಲ್ಲ. ಮನೆಯ ಹಿರಿಯರೊಬ್ಬರ ನಿತ್ಯದ ನಾಲ್ಕು ನಿಮಿಷ, ಅಕ್ಕಿಕಾಳಿನಷ್ಟು ಟೂತ್‌ಪೇಸ್ಟ್, ಸಿಹಿಯ ವಿಷಯದಲ್ಲಿ ಸ್ವಲ್ಪ ಸಂಯಮ, ಇವಿಷ್ಟೇ ಅದರ ಸಾರ. ಇದರ ಹಿಂದಿನ ಕಾರಣಗಳನ್ನು ಭಕ್ತಾದಿಗಳೆಲ್ಲರೂ, ಅದರಲ್ಲಿಯೂ ಎಳೆಯ ಮಕ್ಕಳಿರುವ ಮನೆಯವರು, ತಿಳಿದಿರಲೆಂದು ಈ ಲೇಖನವನ್ನು ಸಿದ್ಧಪಡಿಸಿದ್ದೇವೆ.

ಹಾಲುಹಲ್ಲುಗಳ ಮಹತ್ವ

ಹಾಲುಹಲ್ಲುಗಳು ಒಟ್ಟು 20. ಅವುಗಳ ರಚನೆ ಮಗು ತಾಯಿಯ ಗರ್ಭದಲ್ಲಿರುವಾಗಲೇ ಆರಂಭವಾಗುತ್ತದೆ. ಸಾಮಾನ್ಯವಾಗಿ 6ರಿಂದ 10 ತಿಂಗಳ ನಡುವೆ ಕೆಳದವಡೆಯ ನಡುವಿನ ಬಾಚಿಹಲ್ಲುಗಳು ಮೊದಲು ಮೂಡುತ್ತವೆ. ಬಳಿಕ ಮೇಲಿನ ಬಾಚಿಹಲ್ಲುಗಳು, ಒಂದು ವರ್ಷ ದಾಟಿದ ಮೇಲೆ ಮೊದಲ ದವಡೆಹಲ್ಲುಗಳು, ಅನಂತರ ಕೋರೆಹಲ್ಲುಗಳು, ಕೊನೆಗೆ ಎರಡನೆಯ ದವಡೆಹಲ್ಲುಗಳು ಬರುತ್ತವೆ. ಎರಡೂವರೆಯಿಂದ ಮೂರು ವರ್ಷದೊಳಗೆ ಇಪ್ಪತ್ತೂ ಹಲ್ಲುಗಳು ಕಾಣಿಸಿಕೊಳ್ಳುತ್ತವೆ. ಕೆಲವು ತಿಂಗಳು ಹಿಂದುಮುಂದಾದರೆ ಕಳವಳಪಡಬೇಕಾಗಿಲ್ಲ.

ಹಾಲುಹಲ್ಲುಗಳೆಲ್ಲವೂ ಆರೇಳು ವರ್ಷಕ್ಕೆ ಬಿದ್ದುಹೋಗುತ್ತವೆ ಎಂಬ ತಿಳಿವಳಿಕೆ ಸರಿಯಲ್ಲ. ಆ ವಯಸ್ಸಿನಲ್ಲಿ ಬೀಳುವುದು ಮುಂದಿನವು ಮಾತ್ರ. ಹಿಂದಿನ ಹಾಲು ದವಡೆಹಲ್ಲುಗಳು ಮಗುವಿಗೆ 10ರಿಂದ 12 ವರ್ಷವಾಗುವವರೆಗೂ ಬಾಯಲ್ಲಿರಬೇಕು. ಎರಡನೆಯ ವರ್ಷದಲ್ಲಿ ಹುಳುಕಿದ ಹಲ್ಲಿನೊಂದಿಗೆ ಮಗು ಇನ್ನೂ ಎಂಟು ಹತ್ತು ವರ್ಷ ಬಾಳಬೇಕಾಗುತ್ತದೆ ಎಂಬುದನ್ನು ನಾವು ಯೋಚಿಸಬೇಕು.

ಈ ಹಲ್ಲುಗಳಿಂದಲೇ ಮಗು ಅಗಿದು ಉಣ್ಣಲು ಕಲಿಯುತ್ತದೆ. ಮುಂದಿನ ಹಲ್ಲುಗಳ ನೆರವಿನಿಂದ ಮಾತಿನ ಉಚ್ಚಾರಣೆ ತಿದ್ದಿಕೊಳ್ಳುತ್ತದೆ. ಮುಂದೆ ಬರಲಿರುವ ಶಾಶ್ವತ ಹಲ್ಲುಗಳಿಗೆ ಸ್ಥಳವನ್ನು ಕಾಯ್ದಿರಿಸುವುದೂ ಇವುಗಳ ಕೆಲಸವೇ. ದವಡೆಹಲ್ಲೊಂದನ್ನು ಅಕಾಲದಲ್ಲಿ ಕೀಳಿಸಬೇಕಾಗಿ ಬಂದರೆ ಅಕ್ಕಪಕ್ಕದ ಹಲ್ಲುಗಳು ಆ ತೆರವಿನತ್ತ ವಾಲುತ್ತವೆ. ಕೆಳಗಿನಿಂದ ಬರುವ ಹಲ್ಲಿಗೆ ಜಾಗವಿಲ್ಲದೆ ಅದು ಸೊಟ್ಟಗೆ ಮೂಡುತ್ತದೆ. ಹಾಲುಹಲ್ಲಿನ ಬೇರಿನಲ್ಲಿ ಕೀವಾದರೆ ಅದರಡಿಯಲ್ಲಿ ಬೆಳೆಯುತ್ತಿರುವ ಶಾಶ್ವತ ಹಲ್ಲಿನ ಮೊಳಕೆಗೂ ಹಾನಿಯಾಗಬಹುದು.

ನೋವಿನ ಮಾತು ಬೇರೆಯೇ ಇದೆ. ಒಂದೂವರೆ ವರ್ಷದ ಮಗುವಿಗೆ "ಹಲ್ಲು ನೋಯುತ್ತಿದೆ" ಎಂದು ಹೇಳಲು ಬರುವುದಿಲ್ಲ. ಅದು ಊಟ ನೂಕುತ್ತದೆ, ಒಂದೇ ಬದಿಯಲ್ಲಿ ಅಗಿಯುತ್ತದೆ, ರಾತ್ರಿ ಎದ್ದು ಅಳುತ್ತದೆ, ತೂಕದಲ್ಲಿ ಹಿಂದುಳಿಯುತ್ತದೆ. ನಾವು ಅದನ್ನು ಹಟವೆಂದೋ ದೃಷ್ಟಿ ತಗುಲಿತೆಂದೋ ಭಾವಿಸಿ, ಅಳು ನಿಲ್ಲಿಸಲು ಮತ್ತೆ ಬಿಸ್ಕತ್ತನ್ನೇ ಕೈಗಿಡುತ್ತೇವೆ.

ಹುಳುಕು ಎಂದರೇನು?

ನಮ್ಮ ಭಾಷೆಯಲ್ಲಿ ಈ ರೋಗಕ್ಕಿರುವ ಹೆಸರಿನಲ್ಲಿಯೇ 'ಹುಳು' ಇದೆ. ಹಲ್ಲನ್ನು ಹುಳು ಕೊರೆಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಮಾತ್ರವಲ್ಲ, ಜಗತ್ತಿನ ಅನೇಕ ಪ್ರಾಚೀನ ಜನಾಂಗಗಳಲ್ಲಿಯೂ ಇತ್ತು. ಫ್ರಾನ್ಸಿನ ದಂತವೈದ್ಯ ಪಿಯರ್ ಫೋಶಾರ್ 1728ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಈ ನಂಬಿಕೆಯನ್ನು ಅಲ್ಲಗಳೆದನು. 1890ರಲ್ಲಿ ಡಬ್ಲ್ಯು. ಡಿ. ಮಿಲ್ಲರ್ ಎಂಬ ವಿಜ್ಞಾನಿಯು ಬಾಯಲ್ಲಿರುವ ಸೂಕ್ಷ್ಮಜೀವಿಗಳು ಆಹಾರದ ಸಕ್ಕರೆ ಮತ್ತು ಪಿಷ್ಟದಿಂದ ಆಮ್ಲವನ್ನು ಉತ್ಪತ್ತಿ ಮಾಡುತ್ತವೆ, ಆ ಆಮ್ಲವೇ ಹಲ್ಲನ್ನು ಕರಗಿಸುತ್ತದೆ ಎಂದು ವಿವರಿಸಿದನು. 1924ರಲ್ಲಿ ಕಿಲಿಯನ್ ಕ್ಲಾರ್ಕ್ ಹುಳುಕು ಹಲ್ಲಿನಿಂದ 'ಸ್ಟ್ರೆಪ್ಟೊಕಾಕಸ್ ಮ್ಯುಟನ್ಸ್' ಎಂಬ ಬ್ಯಾಕ್ಟೀರಿಯವನ್ನು ಬೇರ್ಪಡಿಸಿದನು. ಈ ರೋಗದಲ್ಲಿ ಪಾಲ್ಗೊಳ್ಳುವ ಹಲವು ಸೂಕ್ಷ್ಮಜೀವಿಗಳಲ್ಲಿ ಇದು ಪ್ರಮುಖವಾದುದು. ಆದುದರಿಂದ ಬೀಜದ ಹೊಗೆ ಹಿಡಿಸಿ ಹಲ್ಲಿನ ಹುಳು ಬೀಳಿಸುತ್ತೇವೆ ಎನ್ನುವವರ ಬಳಿಗೆ ಮಗುವನ್ನು ಒಯ್ಯಬಾರದು. ಅಲ್ಲಿ ಉದುರಿ ಬೀಳುವುದು ಹಲ್ಲಿನೊಳಗಿನ ಹುಳುವಲ್ಲ. ಹೊಗೆಯಿಂದ ಮಗುವಿನ ಬಾಯಿ ಸುಡುವ ಅಪಾಯವೂ ಇದೆ.

ಹಲ್ಲಿನ ಹೊರಕವಚವಾದ ಎನಾಮೆಲ್ ನಮ್ಮ ಶರೀರದಲ್ಲಿ ಅತ್ಯಂತ ಗಟ್ಟಿಯಾದ ವಸ್ತು. ಆದರೂ ಆಮ್ಲದ ಮುಂದೆ ಅದು ಮಣಿಯುತ್ತದೆ. ಸಿಹಿ ತಿಂದ ಕೆಲವೇ ನಿಮಿಷಗಳಲ್ಲಿ ಹಲ್ಲಿಗೆ ಅಂಟಿರುವ ಬಿಳಿಯ ಲೋಳೆಯಂಥ ಪದರದಲ್ಲಿ ಆಮ್ಲ ಉಂಟಾಗಿ, ಎನಾಮೆಲ್‌ನಿಂದ ಸುಣ್ಣದ ಅಂಶ ಕರಗಲು ತೊಡಗುತ್ತದೆ. ಬಾಯಿಯ ಜೊಲ್ಲು ಆ ಆಮ್ಲವನ್ನು ತಣಿಸಿ, ಕಳೆದುಹೋದ ಖನಿಜವನ್ನು ಮರಳಿ ಹಲ್ಲಿಗೆ ಸೇರಿಸುತ್ತದೆ. ಇದಕ್ಕೆ ಸುಮಾರು ಅರ್ಧ ಗಂಟೆ ಬೇಕು. ಕರಗುವುದು ಮತ್ತು ಕೂಡುವುದು ಎಂಬ ಈ ಎರಡು ಕ್ರಿಯೆಗಳು ಪ್ರತಿಯೊಬ್ಬರ ಬಾಯಲ್ಲಿಯೂ ದಿನವಿಡೀ ನಡೆಯುತ್ತಿರುತ್ತವೆ. ಕರಗುವುದೇ ಮೇಲುಗೈಯಾದಾಗ ಹುಳುಕು ಹುಟ್ಟುತ್ತದೆ.

ಇದರಿಂದ ಒಂದು ಮುಖ್ಯ ತತ್ತ್ವ ಹೊರಡುತ್ತದೆ: ಎಷ್ಟು ಸಿಹಿ ತಿಂದಿತು ಎಂಬುದರಷ್ಟೇ ಎಷ್ಟು ಬಾರಿ ತಿಂದಿತು ಎಂಬುದೂ ಮುಖ್ಯ. ಊಟದ ಜೊತೆಗೆ ಒಮ್ಮೆ ಹೋಳಿಗೆ ತಿಂದ ಮಗುವಿನ ಹಲ್ಲು ಅರ್ಧ ಗಂಟೆ ಆಮ್ಲವನ್ನು ಸಹಿಸಿ ಚೇತರಿಸಿಕೊಳ್ಳುತ್ತದೆ. ಒಂದು ಬಿಸ್ಕತ್ತು, ಒಂದು ಚಾಕೊಲೇಟು, ಎರಡು ಗುಟುಕು ಸಿಹಿ ಹಾಲು, ಮತ್ತೊಂದು ಬಿಸ್ಕತ್ತು ಎಂದು ದಿನಕ್ಕೆ ಹತ್ತು ಬಾರಿ ಬಾಯಾಡಿಸುವ ಮಗುವಿನ ಹಲ್ಲು ಐದು ಗಂಟೆಯ ಕಾಲ ಆಮ್ಲದಲ್ಲಿ ನೆನೆಯುತ್ತದೆ. 1940ರ ದಶಕದಲ್ಲಿ ಸ್ವೀಡನ್ನಿನ ವಿಪೆಹೋಲ್ಮ್ ಎಂಬಲ್ಲಿ ನಡೆದ ಪ್ರಯೋಗವು, ಊಟದ ನಡುನಡುವೆ ತಿನ್ನುವ ಅಂಟು ಸಿಹಿಯೇ ಹೆಚ್ಚು ಹಾನಿಕರವೆಂದು ತೋರಿಸಿಕೊಟ್ಟಿತು. ತಮ್ಮ ಒಪ್ಪಿಗೆ ಹೇಳಲಾರದ ಮನೋವಿಕಲರ ಮೇಲೆ ನಡೆದ ಆ ಪ್ರಯೋಗವನ್ನು ಮುಂದೆ ಲೋಕವೇ ಖಂಡಿಸಿತು. ಅಷ್ಟು ಬೆಲೆ ತೆತ್ತು ದೊರೆತ ಅರಿವನ್ನು ನಾವು ಕಡೆಗಣಿಸಬಾರದು.

ಎಳೆಯರಲ್ಲಿ ಹುಳುಕು ಬೇಗ ಹಬ್ಬುವುದೇಕೆ?

ಆರು ವರ್ಷ ತುಂಬದ ಮಗುವಿನ ಯಾವುದೇ ಹಾಲುಹಲ್ಲಿನಲ್ಲಿ ಹುಳುಕು ಕಂಡರೆ ವೈದ್ಯರು ಅದನ್ನು ಎಳೆಯ ವಯಸ್ಸಿನ ದಂತಕ್ಷಯ ಎಂದು ಕರೆಯುತ್ತಾರೆ. ಮೂರು ವರ್ಷದೊಳಗೆ ಹಲ್ಲಿನ ನುಣುಪಾದ ಮೈಯಲ್ಲಿ ಹುಳುಕಿನ ಗುರುತು ಕಂಡರೂ ಅದನ್ನು ತೀವ್ರ ಸ್ವರೂಪದ್ದೆಂದೇ ಪರಿಗಣಿಸುತ್ತಾರೆ. ಹಾಲುಹಲ್ಲಿನ ಎನಾಮೆಲ್ ಶಾಶ್ವತ ಹಲ್ಲಿನದಕ್ಕಿಂತ ಬಹಳ ತೆಳ್ಳಗಿರುತ್ತದೆ; ಒಳಗಿನ ನರವಿರುವ ಭಾಗ ಮೇಲ್ಮೈಗೆ ಹತ್ತಿರವಾಗಿರುತ್ತದೆ. ದೊಡ್ಡವರಲ್ಲಿ ವರ್ಷಗಟ್ಟಲೆ ಹಿಡಿಯುವ ಕೆಡುಕು ಇಲ್ಲಿ ಕೆಲವೇ ತಿಂಗಳಲ್ಲಿ ನರವನ್ನು ಮುಟ್ಟುತ್ತದೆ.

ರಾತ್ರಿಯ ಬಾಟಲಿ ಇದಕ್ಕೆ ಬಹುದೊಡ್ಡ ಕಾರಣ. ನಿದ್ದೆಯಲ್ಲಿ ಜೊಲ್ಲು ಸುರಿಯುವುದು ತೀರ ಕಡಿಮೆಯಾಗುತ್ತದೆ, ನುಂಗುವುದೂ ವಿರಳ. ಬಾಟಲಿಯನ್ನು ಬಾಯಲ್ಲಿಟ್ಟುಕೊಂಡೇ ಮಲಗಿದ ಮಗುವಿನ ಮೇಲಿನ ಬಾಚಿಹಲ್ಲುಗಳ ಸುತ್ತ ಸಿಹಿ ಹಾಲು ಗಂಟೆಗಟ್ಟಲೆ ನಿಲ್ಲುತ್ತದೆ. ಕೆಳಗಿನ ಬಾಚಿಹಲ್ಲುಗಳನ್ನು ನಾಲಿಗೆ ಮುಚ್ಚಿಕೊಂಡಿರುತ್ತದೆ, ಜೊಲ್ಲೂ ಅಲ್ಲಿ ಹೆಚ್ಚು ಹರಿಯುತ್ತದೆ. ಆದುದರಿಂದಲೇ ಮೇಲಿನವು ಹಾಳಾಗಿ ಕೆಳಗಿನವು ಉಳಿದಿರುವ ಚಿತ್ರ ಈ ರೋಗದಲ್ಲಿ ಸಾಮಾನ್ಯ. ಮೇಲಿನ ಬಾಚಿಹಲ್ಲುಗಳ ನಂತರ ಹಾನಿಯು ಮೊದಲ ದವಡೆಹಲ್ಲುಗಳಿಗೆ ತಗಲುತ್ತದೆ.

ಎದೆಹಾಲಿನ ವಿಚಾರದಲ್ಲಿ ತಾಯಂದಿರು ತಪ್ಪು ತಿಳಿಯಬಾರದು. ಮೊದಲ ಆರು ತಿಂಗಳು ಎದೆಹಾಲು ಮಾತ್ರ, ಅನಂತರ ಮೇಲಾಹಾರದೊಂದಿಗೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಎದೆಹಾಲು ಕೊಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹುಳುಕಿನ ಭಯದಿಂದ ಅದನ್ನು ನಿಲ್ಲಿಸಬೇಕಾಗಿಲ್ಲ. ಒಂದು ವರ್ಷ ದಾಟಿದ ಮಗು ಬೇರೆ ಸಿಹಿ ಆಹಾರವನ್ನೂ ತಿನ್ನುತ್ತಾ, ರಾತ್ರಿಯಿಡೀ ಮತ್ತೆ ಮತ್ತೆ ಹಾಲು ಕುಡಿಯುತ್ತಾ, ಹಲ್ಲುಗಳನ್ನು ಯಾರೂ ಶುಚಿಗೊಳಿಸದೆ ಇದ್ದಾಗ ಅಪಾಯ ಹೆಚ್ಚುತ್ತದೆ. ಅಲ್ಲಿ ತಿದ್ದಬೇಕಾದುದು ಸಿಹಿ ತಿನಿಸು ಮತ್ತು ಶುಚಿತ್ವದ ಕೊರತೆ.

ತುಟಿ ಎತ್ತಿ ನೋಡುವ ಅಭ್ಯಾಸ

ಹುಳುಕು ಕಪ್ಪು ಬಣ್ಣದಿಂದ ಆರಂಭವಾಗುವುದಿಲ್ಲ. ಬಿಳಿಯ ಬಣ್ಣದಿಂದ ಆರಂಭವಾಗುತ್ತದೆ. ಬಹುಮಂದಿಗೆ ಈ ಸಂಗತಿ ತಿಳಿಯದೆ ಇರುವುದರಿಂದ ಅಮೂಲ್ಯವಾದ ಸಮಯ ಕಳೆದುಹೋಗುತ್ತದೆ.

ತಿಂಗಳಿಗೊಮ್ಮೆ ಒಳ್ಳೆಯ ಬೆಳಕಿನಲ್ಲಿ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ಮೇಲ್ದುಟಿಯನ್ನು ಮೆಲ್ಲಗೆ ಎತ್ತಿ ನೋಡಬೇಕು. ಹಲ್ಲನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಒಸಡಿನ ಅಂಚನ್ನು ಗಮನಿಸಬೇಕು. ಅಲ್ಲಿ ಸೀಮೆಸುಣ್ಣದಂತೆ ಹೊಳಪಿಲ್ಲದ ಬಿಳಿ ಗೆರೆ ಕಂಡರೆ ಅದು ಹುಳುಕಿನ ಮೊದಲ ಹಂತ. ಈ ಹಂತದಲ್ಲಿ ರಂಧ್ರವಿಲ್ಲ, ನೋವಿಲ್ಲ. ಫ್ಲೋರೈಡ್ ಲೇಪನ, ಸರಿಯಾದ ಹಲ್ಲುಜ್ಜುವಿಕೆ ಮತ್ತು ಸಿಹಿಯ ನಿಯಂತ್ರಣದಿಂದ ಹಲ್ಲು ಮತ್ತೆ ಗಟ್ಟಿಯಾಗಬಲ್ಲದು. ಇದನ್ನು ಕಡೆಗಣಿಸಿದರೆ ಗೆರೆ ಹಳದಿಯಾಗಿ, ಕಂದಾಗಿ, ಮೇಲ್ಮೈ ಕುಸಿದು ಕುಳಿ ಬೀಳುತ್ತದೆ. ಕುಳಿ ಬಿದ್ದ ಮೇಲೆ ಕಳೆದುಹೋದ ಹಲ್ಲಿನ ಭಾಗ ಮರಳಿ ಬೆಳೆಯುವುದಿಲ್ಲ. ಮುಂದೆ ಹಲ್ಲು ಮುರಿದು ಬುಡ ಮಾತ್ರ ಉಳಿಯುತ್ತದೆ. ಒಸಡಿನ ಮೇಲೆ ಕೀವಿನ ಗುಳ್ಳೆ ಏಳುತ್ತದೆ.

ಮುಖ ಊದಿಕೊಂಡರೆ, ಜ್ವರ ಬಂದರೆ, ಒಸಡಿನಲ್ಲಿ ಕೀವು ಕಂಡರೆ, ಮಗು ಏನನ್ನೂ ನುಂಗಲಾರದಿದ್ದರೆ ಒಂದು ದಿನವೂ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಹಲ್ಲಿನ ಸೋಂಕು ಮುಖಕ್ಕೂ ಕುತ್ತಿಗೆಗೂ ಹರಡುವುದು ಅಪಾಯಕರ.

ತಿದ್ದಿಕೊಳ್ಳಬೇಕಾದ ರೂಢಿಗಳು

ಮಗುವಿನ ಮೇಲಿನ ಅಕ್ಕರೆಯನ್ನು ನಾವು ಸಿಹಿಯ ಮೂಲಕ ತೋರಿಸುತ್ತೇವೆ. ಮನೆಗೆ ಬಂದವರು ಚಾಕೊಲೇಟು ತರುತ್ತಾರೆ, ಜಾತ್ರೆಗೆ ಹೋದವರು ಬೆಂಡು ಬತ್ತಾಸು ತರುತ್ತಾರೆ, ಅಂಗಡಿಯವರು ಚಿಲ್ಲರೆಯ ಬದಲು ಪೆಪ್ಪರಮಿಂಟು ಕೊಡುತ್ತಾರೆ. ಯಾರಲ್ಲಿಯೂ ಕೆಟ್ಟ ಉದ್ದೇಶವಿಲ್ಲ. ಎಲ್ಲರ ಪ್ರೀತಿಯೂ ಒಂದೇ ಪುಟ್ಟ ಬಾಯಲ್ಲಿ ಸೇರುವುದರಿಂದ ತೊಂದರೆಯಾಗುತ್ತದೆ. ಈ ಕೆಳಗಿನ ರೂಢಿಗಳನ್ನು ಪ್ರತಿ ಮನೆಯವರೂ ಪರಿಶೀಲಿಸಿಕೊಳ್ಳಬೇಕೆಂದು ಕೋರುತ್ತೇವೆ.

ನಿಪ್ಪಲ್ ಅಥವಾ ಬೆರಳಿಗೆ ಜೇನು, ಸಕ್ಕರೆ ಸವರಿ ಚೀಪಿಸುವುದು. ಇದು ಮೂಡುತ್ತಿರುವ ಹಲ್ಲಿಗೆ ನೇರವಾದ ಹಾನಿ. ಇದಲ್ಲದೆ ಒಂದು ವರ್ಷದೊಳಗಿನ ಮಗುವಿಗೆ ಜೇನನ್ನು ನೆಕ್ಕಿಸಲೇಬಾರದು. ಬಾಟುಲಿಸಂ ಎಂಬ ಅಪರೂಪದ ಆದರೆ ಪ್ರಾಣಾಂತಿಕವಾದ ಕಾಯಿಲೆ ಅದರಿಂದ ಬರಬಹುದು.

ಹಾಲಿಗೆ ಸಕ್ಕರೆ, ಬೆಲ್ಲ ಅಥವಾ ಸಿಹಿ ಪುಡಿ ಬೆರೆಸುವುದು. ಬೆಲ್ಲ ಸಕ್ಕರೆಗಿಂತ ಒಳ್ಳೆಯದೆಂಬ ಭಾವನೆ ಬಲವಾಗಿದೆ. ಹಲ್ಲಿನ ಮೇಲಿರುವ ಬ್ಯಾಕ್ಟೀರಿಯಗಳಿಗೆ ಬೆಲ್ಲ, ಸಕ್ಕರೆ, ಜೇನು ಎಂಬ ಭೇದವಿಲ್ಲ. ಮೊದಲಿನಿಂದಲೇ ಸಪ್ಪೆ ಹಾಲಿನ ರುಚಿ ಕಂಡ ಮಗು ಸಿಹಿಯನ್ನು ಬೇಡುವುದಿಲ್ಲ.

ಚಹಾದಲ್ಲಿ ಬಿಸ್ಕತ್ತು ಅದ್ದಿ ತಿನ್ನಿಸುವುದು. ನೆನೆದ ಬಿಸ್ಕತ್ತು ದವಡೆಹಲ್ಲಿನ ಗುಳಿಗಳಲ್ಲಿ ಅಂಟಿಕೊಂಡು ಬಹಳ ಹೊತ್ತು ಉಳಿಯುತ್ತದೆ. ಎಳೆಯ ಮಗುವಿಗೆ ಚಹಾ ಬೇಕಾಗಿಯೂ ಇಲ್ಲ.

ಸಿಹಿ ಔಷಧಿ. ಮಕ್ಕಳ ಸಿರಪ್‌ಗಳಲ್ಲಿ ಅನೇಕವು ಸಕ್ಕರೆಯ ಪಾಕದಲ್ಲಿ ತಯಾರಾದವು. ಔಷಧಿಯನ್ನು ನಿಲ್ಲಿಸಬಾರದು; ಕೊಟ್ಟ ಬಳಿಕ ನೀರು ಕುಡಿಸಬೇಕು. ದೀರ್ಘಕಾಲದ ಔಷಧಿಯಾದರೆ ಸಕ್ಕರೆಯಿಲ್ಲದ ಬಗೆ ಇದೆಯೇ ಎಂದು ವೈದ್ಯರನ್ನು ಕೇಳಬೇಕು.

ಒಂದೇ ಚಮಚೆಯಲ್ಲಿ ಉಣ್ಣುವುದು, ಹಿರಿಯರು ಬಾಯಲ್ಲಿ ಅಗಿದು ಮಗುವಿಗೆ ಕೊಡುವುದು, ನೆಲಕ್ಕೆ ಬಿದ್ದ ನಿಪ್ಪಲನ್ನು ತಾವು ಚೀಪಿ ಶುಚಿಮಾಡುವುದು. ಹುಳುಕಿನ ಬ್ಯಾಕ್ಟೀರಿಯಗಳು ದೊಡ್ಡವರ ಜೊಲ್ಲಿನ ಮೂಲಕವೇ ಮಗುವಿನ ಬಾಯನ್ನು ಸೇರುತ್ತವೆ. ತಾಯಿ ತಂದೆ, ಅಜ್ಜ ಅಜ್ಜಿಯರು ತಮ್ಮ ಹುಳುಕು ಹಲ್ಲುಗಳಿಗೆ ಚಿಕಿತ್ಸೆ ಪಡೆಯುವುದು ಮಗುವಿಗೂ ಮಾಡುವ ಉಪಕಾರವಾಗಿದೆ. ಗರ್ಭಿಣಿಯರು ಹಲ್ಲಿನ ಚಿಕಿತ್ಸೆಗೆ ಹೆದರಬೇಕಾಗಿಲ್ಲ. ತಾವು ಗರ್ಭಿಣಿಯೆಂದು ವೈದ್ಯರಿಗೆ ತಿಳಿಸಿದರೆ ಅವರು ತಕ್ಕ ಎಚ್ಚರ ವಹಿಸುತ್ತಾರೆ.

ವಯಸ್ಸಿಗೆ ತಕ್ಕ ಆರೈಕೆ

ಹುಟ್ಟಿದಂದಿನಿಂದ ಹಲ್ಲು ಮೂಡುವವರೆಗೆ: ದಿನಕ್ಕೊಮ್ಮೆ ಶುಭ್ರವಾದ ಮೆತ್ತನೆಯ ಬಟ್ಟೆಯನ್ನು ಕಾಯಿಸಿ ಆರಿಸಿದ ನೀರಿನಲ್ಲಿ ಅದ್ದಿ, ಬೆರಳಿಗೆ ಸುತ್ತಿ ಒಸಡನ್ನು ಒರೆಸಬೇಕು. ಬಾಯಿಯೊಳಗೆ ಕೈಯಾಡಿಸುವುದು ಮಗುವಿಗೆ ಅಭ್ಯಾಸವಾಗುತ್ತದೆ. ಎದೆಹಾಲಿನ ಬದಲು ಬೇರೆ ಹಾಲು ಕೊಡಬೇಕಾದ ಅನಿವಾರ್ಯ ಬಂದರೆ ಬಾಟಲಿಗಿಂತ ಒಳಲೆ ಅಥವಾ ಬಟ್ಟಲು ಚಮಚೆಯೇ ಲೇಸು. ಹಾಲೂಡಿಸುವ ಬಾಟಲಿಗಳ ಜಾಹೀರಾತನ್ನು ನಮ್ಮ ದೇಶದಲ್ಲಿ 1992ರ ಕಾಯಿದೆಯೇ ನಿಷೇಧಿಸಿದೆ.

ಮೊದಲ ಹಲ್ಲಿನಿಂದ ಒಂದು ವರ್ಷದವರೆಗೆ: ಹಲ್ಲು ಒಂದೇ ಇದ್ದರೂ ದಿನಕ್ಕೆರಡು ಬಾರಿ ಮೆತ್ತನೆಯ ಪುಟ್ಟ ಬ್ರಷ್‌ನಿಂದ ಉಜ್ಜಬೇಕು. ಆರು ತಿಂಗಳ ಬಳಿಕ ಬಟ್ಟಲಿನಿಂದ ನೀರು ಕುಡಿಯುವುದನ್ನು ಕಲಿಸಬೇಕು. ರಾಗಿ ಸರಿ, ಗಂಜಿ, ಬೇಳೆಯ ಕಟ್ಟು, ಮೆದುವಾಗಿ ಬೇಯಿಸಿದ ತರಕಾರಿ ಇವುಗಳಿಗೆ ಸಕ್ಕರೆ ಬೆರೆಸಬಾರದು. ಮೊದಲ ಹುಟ್ಟುಹಬ್ಬದೊಳಗೆ ದಂತವೈದ್ಯರಿಗೆ ಒಮ್ಮೆ ತೋರಿಸಬೇಕು. ನೋವಿಲ್ಲದಾಗ ವೈದ್ಯರನ್ನು ಕಂಡ ಮಗು ಮುಂದೆ ಅವರಿಗೆ ಹೆದರುವುದಿಲ್ಲ.

ಒಂದರಿಂದ ಮೂರು ವರ್ಷ: 12ರಿಂದ 18 ತಿಂಗಳೊಳಗೆ ಬಾಟಲಿಯನ್ನು ಸಂಪೂರ್ಣವಾಗಿ ಬಿಡಿಸಬೇಕು. ಒಮ್ಮೆಲೇ ಸಾಧ್ಯವಾಗದಿದ್ದರೆ ಮೊದಲು ಹಗಲಿನ ಬಾಟಲಿ ಬಿಡಿಸಿ, ರಾತ್ರಿಯದರಲ್ಲಿ ಹಾಲಿಗೆ ದಿನದಿನವೂ ನೀರು ಹೆಚ್ಚಿಸುತ್ತಾ ಕೊನೆಗೆ ಬರಿಯ ನೀರಿಗೆ ತರಬಹುದು. ರಾತ್ರಿ ಹಲ್ಲುಜ್ಜಿಸಿದ ಮೇಲೆ ನೀರಲ್ಲದೆ ಬೇರೇನನ್ನೂ ಕೊಡಬಾರದು. ಊಟ ತಿಂಡಿಗಳಿಗೆ ನಿಶ್ಚಿತ ಹೊತ್ತು ಇರಬೇಕು. ನಡುವೆ ಹಸಿದರೆ ಇಡ್ಲಿ, ರೊಟ್ಟಿಯ ತುಣುಕು, ಮೊಸರು, ಮಜ್ಜಿಗೆ, ಹಣ್ಣಿನ ಹೋಳು ಕೊಡಬಹುದು. ಇಡಿಯಾದ ಶೇಂಗಾ, ಕಡಲೆಯಂಥ ಗಟ್ಟಿ ಕಾಳುಗಳನ್ನು ಎಳೆಯ ಮಗುವಿಗೆ ಕೊಡಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ.

ಮೂರರಿಂದ ಆರು ವರ್ಷ: ಮಗು ತಾನೇ ಉಜ್ಜಿಕೊಳ್ಳುತ್ತೇನೆಂದು ಹಟ ಹಿಡಿಯುವ ಕಾಲ. ಅದು ಉಜ್ಜಿಕೊಳ್ಳಲಿ, ಬಳಿಕ ಹಿರಿಯರೊಬ್ಬರು ಮತ್ತೊಮ್ಮೆ ಉಜ್ಜಿಸಲಿ. ಏಳೆಂಟು ವರ್ಷದವರೆಗೂ ಮಕ್ಕಳ ಕೈಗೆ ಅಷ್ಟು ಹಿಡಿತ ಬಂದಿರುವುದಿಲ್ಲ. ಆರನೆಯ ವರ್ಷದ ಹೊತ್ತಿಗೆ ಎಲ್ಲ ಹಾಲುಹಲ್ಲುಗಳ ಹಿಂದೆ, ಯಾವುದೂ ಬೀಳದೆಯೇ, ಹೊಸ ದವಡೆಹಲ್ಲೊಂದು ಮೂಡುತ್ತದೆ. ಅದು ಶಾಶ್ವತ ಹಲ್ಲು. ಹಾಲುಹಲ್ಲೆಂದು ತಿಳಿದು ಅದನ್ನು ಅಲಕ್ಷಿಸುವವರು ಅನೇಕರು.

ಹಲ್ಲುಜ್ಜಿಸುವ ಕ್ರಮ ಮತ್ತು ಫ್ಲೋರೈಡ್

ಮಗುವಿನ ತಲೆಯನ್ನು ಮಡಿಲಲ್ಲಿ ಇರಿಸಿಕೊಂಡು ಹಿಂದಿನಿಂದ ಉಜ್ಜಿಸುವುದು ಅನುಕೂಲಕರ. ಒದ್ದಾಡುವ ಮಗುವಾದರೆ ಇಬ್ಬರು ಎದುರುಬದುರಾಗಿ ಮೊಳಕಾಲಿಗೆ ಮೊಳಕಾಲು ತಾಗುವಂತೆ ಕುಳಿತು, ಒಬ್ಬರ ಮಡಿಲಲ್ಲಿ ತಲೆ, ಮತ್ತೊಬ್ಬರ ಕಡೆಗೆ ಕಾಲು ಬರುವಂತೆ ಮಲಗಿಸಿಕೊಳ್ಳಬಹುದು. ಬ್ರಷ್‌ನ್ನು ಒಸಡಿನ ಅಂಚಿಗೆ ತಾಗಿಸಿ ಸಣ್ಣ ಸುತ್ತುಗಳಲ್ಲಿ ಆಡಿಸಬೇಕು. ಹೊರಮೈ, ಒಳಮೈ, ಅಗಿಯುವ ಮೈ ಮೂರನ್ನೂ ಉಜ್ಜಬೇಕು. ಒಂದು ಸಲಕ್ಕೆ ಎರಡು ನಿಮಿಷ ಸಾಕು. ಬೆಳಿಗ್ಗೆ ಒಮ್ಮೆ, ಮಲಗುವ ಮುನ್ನ ಒಮ್ಮೆ ಕಡ್ಡಾಯ. ಇವೆರಡರಲ್ಲಿ ಯಾವುದು ಹೆಚ್ಚು ಎಂದು ಕೇಳಿದರೆ ರಾತ್ರಿಯದೇ ಹೆಚ್ಚು. ಇದ್ದಿಲು, ಬೂದಿ, ಉಪ್ಪು, ಒರಟಾದ ಹಲ್ಲುಪುಡಿಗಳು ತೆಳುವಾದ ಎನಾಮೆಲನ್ನು ಸವೆಸುತ್ತವೆ. ತಂಬಾಕು ಬೆರೆತ ಮಿಶ್ರಿಯನ್ನಂತೂ ಮಕ್ಕಳ ಹತ್ತಿರವೂ ತರಬಾರದು.

ಎನಾಮೆಲನ್ನು ಆಮ್ಲದಿಂದ ಕಾಪಾಡುವಲ್ಲಿ ಮತ್ತು ಬಿಳಿ ಗೆರೆಯನ್ನು ಮತ್ತೆ ಗಟ್ಟಿಗೊಳಿಸುವಲ್ಲಿ ಫ್ಲೋರೈಡ್‌ಗೆ ಸಾಟಿಯಾದುದಿಲ್ಲ. ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರು ವರ್ಷದವರಿಗೆ ಬಟಾಣಿ ಕಾಳಿನಷ್ಟು ಟೂತ್‌ಪೇಸ್ಟ್ ಸಾಕು. ಜಾಹೀರಾತುಗಳಲ್ಲಿ ಕಾಣುವಂತೆ ಬ್ರಷ್ ತುಂಬ ಹಾಕುವುದು ಎಳೆಯರಿಗೆ ತರವಲ್ಲ. ನಮ್ಮ ದೇಶದ ನಿಯಮದಂತೆ ಟೂತ್‌ಪೇಸ್ಟಿನ ಫ್ಲೋರೈಡ್ ಪ್ರಮಾಣ 1000 ಪಿಪಿಎಂ ಮೀರುವಂತಿಲ್ಲ, ಆ ಪ್ರಮಾಣವನ್ನು ಟ್ಯೂಬಿನ ಮೇಲೆ ನಮೂದಿಸಿರಬೇಕು. ಕೊಳ್ಳುವಾಗ ಇದನ್ನು ಓದಿ ನೋಡಬೇಕು. ಮಕ್ಕಳ ಟೂತ್‌ಪೇಸ್ಟುಗಳಲ್ಲಿ ಕೆಲವು ಫ್ಲೋರೈಡ್ ಇಲ್ಲದವೂ ಇರುತ್ತವೆ. ಉಜ್ಜಿದ ಮೇಲೆ ಉಗುಳಿಸಬೇಕು, ಉಗುಳಲು ಬಾರದ ಮಗುವಿನ ಬಾಯನ್ನು ಬಟ್ಟೆಯಿಂದ ಒರೆಸಬೇಕು. ಟ್ಯೂಬು ಮಗುವಿನ ಕೈಗೆ ಸಿಗದಂತಿರಲಿ.

ಇಲ್ಲಿ ನಮ್ಮ ನಾಡಿಗೆ ಸಂಬಂಧಿಸಿದ ಒಂದು ಮಾತಿದೆ. ಪಾವಗಡ, ಮುಂಡರಗಿ, ಬಾಗೇಪಲ್ಲಿ, ಕೋಲಾರ ಮೊದಲಾದ ಕಡೆಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅಂಶ ಮಿತಿಮೀರಿ ಇರುವುದುಂಟು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿನ ಮೂಲವಿಲ್ಲದಾಗಲೂ 1.5 ಮಿಲಿಗ್ರಾಂ ದಾಟಬಾರದು ಎಂಬುದು ಭಾರತೀಯ ಮಾನಕ. ಹೆಚ್ಚಾದರೆ ರೂಪುಗೊಳ್ಳುತ್ತಿರುವ ಶಾಶ್ವತ ಹಲ್ಲುಗಳ ಮೇಲೆ ಬಿಳಿ ಅಥವಾ ಕಂದು ಪಟ್ಟೆಗಳು ಮೂಡುತ್ತವೆ. ಅಂಥ ಊರಿನವರು ಮೊದಲು ಮಗುವಿಗೆ ಶುದ್ಧೀಕರಿಸಿದ ನೀರಿನ ಅಥವಾ ಸಂಗ್ರಹಿಸಿದ ಮಳೆನೀರಿನ ವ್ಯವಸ್ಥೆ ಮಾಡಬೇಕು, ಟೂತ್‌ಪೇಸ್ಟಿನ ಬಗ್ಗೆ ದಂತವೈದ್ಯರ ಸಲಹೆ ಪಡೆಯಬೇಕು. ನೀರಿನ ಫ್ಲೋರೈಡ್ ಹೆಚ್ಚಿದ್ದ ಮಾತ್ರಕ್ಕೆ ಹುಳುಕು ಬಾರದು ಎಂದು ನಿಶ್ಚಿಂತರಾಗಿರುವುದೂ ಸಲ್ಲದು. ಎರಡೂ ತೊಂದರೆಗಳು ಒಂದೇ ಬಾಯಲ್ಲಿ ಇರಬಹುದು.

ಚಿಕಿತ್ಸೆ

ಹಾಲುಹಲ್ಲಿಗೆ ಚಿಕಿತ್ಸೆ ವ್ಯರ್ಥವೆಂಬ ಮಾತನ್ನು ನಾವು ಬಿಡಬೇಕು. ಬಿಳಿ ಗೆರೆಯ ಹಂತದಲ್ಲಿ ವೈದ್ಯರು ಫ್ಲೋರೈಡ್ ವಾರ್ನಿಷ್ ಲೇಪಿಸುತ್ತಾರೆ. ಒಂದೆರಡು ನಿಮಿಷದ ಕೆಲಸ, ನೋವಿಲ್ಲ. ಕುಳಿ ಬಿದ್ದಿದ್ದರೆ ಯಂತ್ರದಿಂದ ಕೊರೆಯದೆ, ಕೆಟ್ಟ ಭಾಗವನ್ನು ಕೈ ಉಪಕರಣದಿಂದ ತೆಗೆದು ಗ್ಲಾಸ್ ಅಯಾನೊಮರ್ ಎಂಬ ಸಿಮೆಂಟನ್ನು ತುಂಬುವ ವಿಧಾನವೂ ಇದೆ. ಸಿಲ್ವರ್ ಡೈಅಮೀನ್ ಫ್ಲೋರೈಡ್ ಎಂಬ ದ್ರವವನ್ನು ಹಚ್ಚಿ ಹುಳುಕಿನ ಬೆಳವಣಿಗೆಯನ್ನು ತಡೆಯಬಹುದು. ಹಚ್ಚಿದೆಡೆ ಹುಳುಕು ಭಾಗ ಶಾಶ್ವತವಾಗಿ ಕಪ್ಪಾಗುವುದರಿಂದ ವೈದ್ಯರು ಮೊದಲೇ ಪೋಷಕರ ಒಪ್ಪಿಗೆ ಕೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಗ್ಲಾಸ್ ಅಯಾನೊಮರ್ ಸಿಮೆಂಟನ್ನೂ ಈ ದ್ರವವನ್ನೂ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ನರಕ್ಕೆ ತಗಲಿದ್ದರೆ ನರದ ಚಿಕಿತ್ಸೆ ಮಾಡಿ ಉಕ್ಕಿನ ಟೋಪಿ ತೊಡಿಸುತ್ತಾರೆ. ಕೀಳಲೇಬೇಕಾದರೆ ಆ ಜಾಗವನ್ನು ಕಾಯುವ ಸಾಧನವನ್ನು ಕೂರಿಸುತ್ತಾರೆ. ಹಂತ ಮುಂದುವರಿದಷ್ಟೂ ಮಗುವಿನ ಕಷ್ಟವೂ ಮನೆಯ ಖರ್ಚೂ ಏರುತ್ತವೆ. ತೀರ ಎಳೆಯ ಮಗುವಿನ ಹಲವು ಹಲ್ಲುಗಳು ಕೆಟ್ಟಿದ್ದರೆ ಪೂರ್ಣ ಅರಿವಳಿಕೆ ಕೊಟ್ಟೇ ಚಿಕಿತ್ಸೆ ಮಾಡಬೇಕಾಗಿ ಬರುತ್ತದೆ.

ಚಿಕಿತ್ಸೆ ಎಲ್ಲಿ ದೊರೆಯುತ್ತದೆ ಎಂಬುದನ್ನೂ ತಿಳಿದಿರಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯಕೀಯ ತಂಡಗಳು ವರ್ಷಕ್ಕೆರಡು ಬಾರಿ ಅಂಗನವಾಡಿಗಳಿಗೆ ಬಂದು ಮಕ್ಕಳನ್ನು ಪರೀಕ್ಷಿಸಬೇಕು. ಹಲ್ಲಿನ ತೊಂದರೆಯೂ ಆ ಪರೀಕ್ಷೆಯ ಪಟ್ಟಿಯಲ್ಲಿದೆ. ತಂಡ ಬರುವ ದಿನವನ್ನು ಅಂಗನವಾಡಿ ಕಾರ್ಯಕರ್ತೆಯರಲ್ಲಿ ವಿಚಾರಿಸಿ ಮಗುವನ್ನು ತಪ್ಪದೆ ಕರೆದೊಯ್ಯಬೇಕು. ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜು, ಮೈಸೂರಿನ ಜೆಎಸ್‌ಎಸ್, ದಾವಣಗೆರೆಯ ಬಾಪೂಜಿ, ಬೆಳಗಾವಿಯ ಕೆಎಲ್‌ಇ ಮುಂತಾದ ದಂತ ವೈದ್ಯಕೀಯ ಕಾಲೇಜುಗಳಲ್ಲಿ ಮಕ್ಕಳ ಹಲ್ಲಿನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗಗಳಿವೆ.

ಮನೆಯವರೆಲ್ಲರ ಹೊಣೆ

ಮಗುವಿನ ಹಲ್ಲು ಕೆಟ್ಟಾಗ ಬೆರಳು ಮೊದಲು ತೋರುವುದು ತಾಯಿಯ ಕಡೆಗೆ. ಇದು ನ್ಯಾಯವಲ್ಲ. ದಿನವಿಡೀ ದುಡಿದು ದಣಿದ ತಾಯಿ ರಾತ್ರಿ ಅಳುವ ಮಗುವಿಗೆ ಬಾಟಲಿ ಕೊಟ್ಟು ಮಲಗಿಸಿದರೆ, ಆ ಹೊತ್ತಿನಲ್ಲಿ ಅವಳಿಗೆ ಯಾರು ನೆರವಾದರು ಎಂದು ನಾವು ಕೇಳಿಕೊಳ್ಳಬೇಕು. ರಾತ್ರಿ ಹಲ್ಲುಜ್ಜಿಸುವ ಕೆಲಸವನ್ನು ತಂದೆ ವಹಿಸಿಕೊಳ್ಳಬಹುದು. ತಿಂಗಳಿಗೊಮ್ಮೆ ತುಟಿ ಎತ್ತಿ ನೋಡುವುದನ್ನು ಅಜ್ಜ ಅಜ್ಜಿಯರು ಮಾಡಬಹುದು. ಬಂಧುಗಳು ಸಿಹಿಯ ಬದಲು ಹಣ್ಣನ್ನೋ ಪುಟ್ಟ ಪುಸ್ತಕವನ್ನೋ ತರಬಹುದು. ಹಬ್ಬದ ಹೋಳಿಗೆ, ಜಾತ್ರೆಯ ಬತ್ತಾಸು, ಪ್ರಸಾದದ ಪಾಯಸ ಇವನ್ನು ಮಕ್ಕಳಿಗೆ ನಿರಾಕರಿಸಬೇಕೆಂದು ನಾವು ಹೇಳುತ್ತಿಲ್ಲ. ಅವು ಊಟದ ಹೊತ್ತಿಗೆ, ಊಟದ ಜೊತೆಗೆ ಇರಲಿ. ಆ ರಾತ್ರಿ ಹಲ್ಲುಜ್ಜಿಸದೆ ಮಗುವನ್ನು ಮಲಗಿಸದಿರೋಣ.

ಇಂದು ರಾತ್ರಿಯೇ ಮನೆಯ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ಮೇಲ್ದುಟಿಯನ್ನು ಎತ್ತಿ ನೋಡಿರಿ. ಹಲ್ಲು ಶುಭ್ರವಾಗಿದ್ದರೆ ಅದನ್ನು ಹಾಗೆಯೇ ಕಾಪಾಡಿರಿ. ಬಿಳಿ ಗೆರೆ ಕಂಡರೆ ಹೆದರದೆ, ತಡಮಾಡದೆ, ಈ ವಾರದಲ್ಲಿಯೇ ದಂತವೈದ್ಯರಿಗೆ ತೋರಿಸಿರಿ. ಆ ಗೆರೆಯನ್ನು ಹಿಂದಿರುಗಿಸಲು ಇನ್ನೂ ಕಾಲಾವಕಾಶವಿದೆ.